ಸ್ಪಿನ್‌ನಿಂದ ಕರೆಂಟ್ ಬಂದರೆ ಬ್ಯಾಟರಿ ಬೇಡವಾ?

ಗ್ರಾಫೀನ್ (ಒಂದೇ ಪರಮಾಣುವಿನಷ್ಟು ದಪ್ಪದ ಕಾರ್ಬನ್ ಹಾಳೆ) ಥರದ ತೆಳು ಪದರಗಳಲ್ಲಿ ಎಲೆಕ್ಟ್ರಾನಿನ ಸ್ಪಿನ್ನನ್ನು ಕರೆಂಟ್ ಮಾಡಬಹುದಂತೆ, ಹಾಗಾದರೆ ಮುಂದೆ ಬ್ಯಾಟರಿ ಬೇಡವಾ ಅಂತ ಕೇಳಿದ್ದೀರಿ. ಬೇಕು. ಸ್ಪಿನ್ ಅಂದರೆ ಪ್ರತಿ ಎಲೆಕ್ಟ್ರಾನ್‌ನಲ್ಲೂ ಇರುವ ಪುಟ್ಟ ಮ್ಯಾಗ್ನೆಟ್‌ನಂಥ ಗುಣ, ಅದರ ದಿಕ್ಕು ಅಪ್ ಅಥವಾ ಡೌನ್. ಅದು ಸುಮ್ನೆ ಸಿಗುವ ಇಂಧನ ಅಲ್ಲ. ಒಂದೇ ದಿಕ್ಕಿನ ಸ್ಪಿನ್ ಒಳಗೆ ಕಳಿಸಲು ಕೋಬಾಲ್ಟ್‌ನಂಥ ಮ್ಯಾಗ್ನೆಟ್ ಮೂಲಕ ನಾವೇ ಕರೆಂಟ್ ಹಾಯಿಸಬೇಕು. ವಾಪಸ್ ಸಿಗುವುದು ಅದರ ಚೂರುಪಾರು ಮಾತ್ರ.

ನಾನು ಹಾಸನದಲ್ಲಿ ಬಿಎಸ್ಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಸ್ಪಿನ್ ಹೇಗೆ ಕರೆಂಟ್ ಆಗುತ್ತದೆ ಅಂತ ವಿವರಿಸಲು ಬೋರ್ಡಿನ ಮೇಲೆ ನಮ್ಮ ಬಿ.ಎಂ. ರೋಡ್ ಎಳೆಯುತ್ತೇನೆ. ಅದರಲ್ಲಿ ನಡೆಯುವ ಜನರೇ ಎಲೆಕ್ಟ್ರಾನ್‌ಗಳು. ಅಪ್ ಸ್ಪಿನ್‌ನವರಿಗೆ ನಡೆಯುವಾಗ ಬಲಕ್ಕೆ ವಾಲುವ ಚಾಳಿ, ಡೌನ್‌ನವರಿಗೆ ಎಡಕ್ಕೆ. ಎಲ್ಲರೂ ಸಕಲೇಶಪುರದ ಕಡೆ ಹೊರಟರೆ ಅರ್ಧ ಜನ ಈ ಅಂಚಿಗೆ, ಅರ್ಧ ಜನ ಆ ಅಂಚಿಗೆ. ವೋಲ್ಟೇಜ್ ಇಲ್ಲ. ಈಗ ಅಪ್‌ನವರು ಸಕಲೇಶಪುರದ ಕಡೆ, ಡೌನ್‌ನವರು ಚನ್ನರಾಯಪಟ್ಟಣದ ಕಡೆ ಹೊರಡಲಿ. ಇವರ ಬಲ ಅವರ ಎಡ. ಎಲ್ಲರೂ ಒಂದೇ ಅಂಚಿಗೆ ಬಂದು ಸೇರುತ್ತಾರೆ. ಎಲೆಕ್ಟ್ರಾನ್ ಒಂದು ಕಡೆ ಗುಂಪಾದರೆ ವೋಲ್ಟೇಜ್ ಬಂತು, ಅಲ್ವಾ? ಇದಕ್ಕೆ ಇನ್ವರ್ಸ್ ಸ್ಪಿನ್ ಹಾಲ್ ಪರಿಣಾಮ ಅಂತಾರೆ. ದ್ಯಾಕೊನೊವ್ ಮತ್ತು ಪೆರೆಲ್ ಎಂಬ ಸೋವಿಯತ್ ವಿಜ್ಞಾನಿಗಳು 1971ರಲ್ಲೇ ಇದರ ಲೆಕ್ಕ ಹಾಕಿದ್ದರು. ಪ್ಲಾಟಿನಂ, ಅಲ್ಯೂಮಿನಿಯಂನಲ್ಲಿ ಅಳೆದದ್ದು 2006ರಲ್ಲಿ.

ಈ ವಾಲುವ ಚಾಳಿಗೆ ಕಾರಣ ಸ್ಪಿನ್-ಆರ್ಬಿಟ್ ಕಪ್ಲಿಂಗ್, ಅಂದರೆ ಎಲೆಕ್ಟ್ರಾನಿನ ಸ್ಪಿನ್‌ಗೂ ಅದರ ಚಲನೆಗೂ ಇರುವ ನಂಟು. ಪರಮಾಣು ಭಾರವಾದಷ್ಟೂ ಅದು ಜಾಸ್ತಿ. ಪೇಚು ಇರುವುದೇ ಇಲ್ಲಿ. ಗ್ರಾಫೀನ್ ಬರೀ ಕಾರ್ಬನ್. ಅದರಲ್ಲಿ ಸ್ಪಿನ್ ಹಲವು ಮೈಕ್ರಾನ್ ದೂರ ಕೆಡದೆ ಸಾಗುತ್ತದೆ, ಆದರೆ ವಾಲುವುದಿಲ್ಲ ಅಂದರೂ ನಡೆಯುತ್ತದೆ. ಟಂಗ್‌ಸ್ಟನ್ ಡೈಸಲ್ಫೈಡ್ ಎಂಬ ಇನ್ನೊಂದು ತೆಳು ಪದರದಲ್ಲಿ ಕಪ್ಲಿಂಗ್ ಜೋರು, ಸ್ಪಿನ್ ಮಾತ್ರ ಬೇಗ ಕೆಡುತ್ತದೆ. ಅದಕ್ಕೇ ಎರಡನ್ನೂ ಒಂದರ ಮೇಲೊಂದು ಕೂರಿಸುತ್ತಾರೆ. ಸೆಲ್ಲೋಟೇಪ್‌ನಲ್ಲಿ ಕಿತ್ತ ಪದರ, ಗೋಂದು ಏನೂ ಬೇಡ, ಪದರಗಳ ನಡುವೆ ತಾನಾಗೇ ಇರುವ ವ್ಯಾನ್ ಡರ್ ವಾಲ್ಸ್ ಎಂಬ ಸಣ್ಣ ಸೆಳೆತವೇ ಸಾಕು. ಪಕ್ಕದವನ ಚಾಳಿ ಗ್ರಾಫೀನ್‌ಗೂ ಸ್ವಲ್ಪ ಅಂಟುತ್ತದೆ. ಮಾಲಿಬ್ಡಿನಂ ಡೈಸಲ್ಫೈಡ್ ಜೊತೆ ಜೋಡಿಸಿದ ಗ್ರಾಫೀನ್‌ನಲ್ಲಿ 2019ರಲ್ಲಿ ಇದು ಕೋಣೆಯ ಉಷ್ಣತೆಯಲ್ಲೇ ಕಂಡಿತು.

ಅಳೆಯುವುದು ತಲೆನೋವಿನ ಕೆಲಸ. ಸಿಗ್ನಲ್ ತೀರಾ ಸಣ್ಣದು, ಚಿಪ್ ಬಿಸಿಯಾದರೂ ಅಷ್ಟು ವೋಲ್ಟೇಜ್ ಬಂದುಬಿಡುತ್ತದೆ. ಹಾಗಾಗಿ ಎರಡು ಪರೀಕ್ಷೆ ಮಾಡುತ್ತಾರೆ. ಮ್ಯಾಗ್ನೆಟ್ ಉಲ್ಟಾ ಮಾಡಿದರೆ ಪ್ಲಸ್ ಇದ್ದದ್ದು ಮೈನಸ್ ಆಗಬೇಕು. ಸ್ಪಿನ್‌ಗೆ ಅಡ್ಡವಾಗಿ ಮ್ಯಾಗ್ನೆಟಿಕ್ ಫೀಲ್ಡ್ ಕೊಟ್ಟರೆ ಸ್ಪಿನ್ ದಾರಿಯುದ್ದಕ್ಕೂ ತಿರುಗುತ್ತಾ ಹೋಗುತ್ತದೆ, ವೋಲ್ಟೇಜೂ ಅದಕ್ಕೆ ತಕ್ಕಂತೆ ಏರಿಳಿಯಬೇಕು. ಈ ಎರಡನೆಯದನ್ನು ತೋರಿಸದ ಪೇಪರ್ ಆದರೆ ನನಗೆ ಅಷ್ಟು ನಂಬಿಕೆ ಬರುವುದಿಲ್ಲ.

ಮತ್ತೆ ಇದರಿಂದ ಉಪಯೋಗ? ಮ್ಯಾಗ್ನೆಟ್‌ನಲ್ಲಿ ಬರೆದಿಟ್ಟ ಸೊನ್ನೆ-ಒಂದನ್ನು ಓದೋಕೆ. ಇಂಟೆಲ್‌ನವರು 2018ರಲ್ಲಿ ಮುಂದಿಟ್ಟ ಮೆಸೊ ಎಂಬ ಲಾಜಿಕ್ ಸಾಧನದಲ್ಲಿ ಓದುವ ಭಾಗ ನಡೆಯುವುದು ಸ್ಪಿನ್ನನ್ನು ಕರೆಂಟ್ ಮಾಡಿಯೇ. ಅದಕ್ಕೂ ಹೊರಗಿಂದ ಪವರ್ ಕೊಡಲೇಬೇಕು.