ತಾರಸಿ ಮೇಲಿನ ಪುಟ್ಟ ಗಾಳಿಯಂತ್ರ ರಾತ್ರಿ ಗುಂಯ್‌ಗುಡುತ್ತದೆ, ಗೋಡೆ ನಡುಗುತ್ತದೆ. ಕೆಳಗೆ ಯಾವ ರಬ್ಬರ್ ಪ್ಯಾಡ್ ಹಾಕಿದರೆ ನಿಲ್ಲುತ್ತದೆ?

ರಬ್ಬರ್ ಪ್ಯಾಡ್ ಅಂತ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಇದೇ ಪ್ರಶ್ನೆ ಹಿಡಿದು ನಾನೂ ಬೆಂಗಳೂರಿನ ಎಸ್‌ಪಿ ರೋಡ್ ಸುತ್ತಿದವನು.

ನಮ್ಮ ಮನೆ ಚಿತ್ರದುರ್ಗದ ಹೊರಗೆ. ಜೋಗಿಮಟ್ಟಿ ಕಡೆಯ ಗುಡ್ಡಗಳಲ್ಲಿ ತಿರುಗುವ ದೊಡ್ಡ ಫ್ಯಾನುಗಳನ್ನು ದಿನಾ ನೋಡಿ ನಮಗೂ ಒಂದು ಇರಲಿ ಅನ್ನಿಸಿತು. 1 ಕಿಲೋವ್ಯಾಟಿನದು ತಂದೆ. ಮೂರು ರೆಕ್ಕೆ, ತಿರುಗುವಾಗ ಒಂಬತ್ತು ಅಡಿ ಅಗಲ. "ತಾರಸಿ ಇರುವಾಗ ಬೇರೆ ಕಂಬ ಯಾಕೆ ಸಾರ್, ಸುಮ್ನೆ ದುಡ್ಡು ದಂಡ" ಅಂದರು ಹಾಕಿಕೊಟ್ಟವರು. ನನಗೂ ಅದೇ ಮಾತು ಬೇಕಿತ್ತು. ನೀರಿನ ಟ್ಯಾಂಕ್ ಪಕ್ಕ 12 ಅಡಿ ಜಿಐ ಪೈಪ್ ನಿಲ್ಲಿಸಿ, ಸ್ಲ್ಯಾಬಿಗೆ ಬೋಲ್ಟ್ ಹೊಡೆದು, ಸ್ಟೇ ತಂತಿಗಳನ್ನು ಪ್ಯಾರಾಪೆಟ್‌ಗೆ ಬಿಗಿದರು.

ಆಷಾಢ ಬಂತು. ಅಡುಗೆಮನೆ ಅಟ್ಟದ ಸ್ಟೀಲ್ ಪಾತ್ರೆಗಳು ತಾವಾಗಿಯೇ ಜಣಗುಟ್ಟತೊಡಗಿದವು. ಅಮ್ಮ, "ಹಿಟ್ಟಿನ ಗಿರಣಿ ಕೆಳಗೆ ಮಲಗಿದ ಹಾಗಿದೆ ಕಣೋ" ಅಂದರು. ಸ್ಲ್ಯಾಬ್ ಅನ್ನೋದು ತಮಟೆಯ ಚರ್ಮದ ಹಾಗೆ. ಮೇಲೆ ಸಣ್ಣಗೆ ತಟ್ಟಿದರೂ ಕೆಳಗಿನ ಕೋಣೆ ತುಂಬಾ ಸದ್ದು.

ನಾನು ಮೊದಲು ಟ್ರ್ಯಾಕ್ಟರ್ ಟೈರಿನ ತುಂಡು ಹಾಕಿದೆ. ಆಮೇಲೆ ಮೆಷಿನ್ನಿನ ಕೆಳಗಿಡುವ ಒಳ್ಳೆ ಪ್ಯಾಡುಗಳನ್ನೇ ತಂದೆ. ಒಂದು ವಾರ ಗೆದ್ದೆ ಅಂದುಕೊಂಡೆ. ಆದರೆ ಮುಂಚೆ ಜೋರು ಗಾಳಿಯಲ್ಲಿ ಮಾತ್ರ ಬರುತ್ತಿದ್ದ ನಡುಕ ಈಗ ಸಾಧಾರಣ ಗಾಳಿಗೇ ಬರತೊಡಗಿತು. ಪಂಚಮಿ ಜೋಕಾಲಿ ತೂಗಿದ್ದೀರಲ್ವಾ? ಅದರದೇ ಒಂದು ಲಯ ಇರುತ್ತದೆ. ಆ ಲಯಕ್ಕೆ ಸರಿಯಾಗಿ ನೂಕಿದರೆ ಬೆರಳಲ್ಲೇ ಮೇಲಕ್ಕೆ ಏರುತ್ತದೆ. ಕಂಬಕ್ಕೂ ಅಂಥದ್ದೊಂದು ಲಯ ಇದೆ. ನಿಮಿಷಕ್ಕೆ 300 ಸುತ್ತು ಅಂದರೆ ಸೆಕೆಂಡಿಗೆ 5. ಮೂರು ರೆಕ್ಕೆಗಳು ಕಂಬದ ಮುಂದೆ ಹಾಯುವುದು ಸೆಕೆಂಡಿಗೆ 15 ಸಲ. ಈ ಎರಡರಲ್ಲಿ ಒಂದು ಕಂಬದ ಲಯಕ್ಕೆ ಕೂಡಿತೋ, ಮನೆಯೇ ಹಾಡುತ್ತದೆ. ರಬ್ಬರ್ ಹಾಕಿದರೆ ಆ ಲಯ ಇನ್ನೂ ನಿಧಾನ ಆಗುತ್ತದೆ. ಅಂದರೆ ನಡುಕ ಕಮ್ಮಿ ಸುತ್ತಿಗೆ ಇಳಿಯುತ್ತದೆ, ಅಷ್ಟೇ. ಕಮ್ಮಿ ಗಾಳಿ ದಿನಾ ಇರುತ್ತದಲ್ಲ. ಆ ಪ್ಯಾಡುಗಳು ಈಗ ಅಮ್ಮನ ಗ್ರೈಂಡರ್ ಕಾಲಿಗಿವೆ. ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿವೆ.

ಇಷ್ಟಕ್ಕೆ ನಿಂತಿದ್ದರೆ ಈ ಉತ್ತರ ಬರೆಯುತ್ತಿರಲಿಲ್ಲ. ಒಂದು ರಾತ್ರಿ ನಿದ್ದೆಗೆಟ್ಟು ಎದ್ದವನು, ಫ್ಯಾನಿನಿಂದ ಬ್ಯಾಟರಿಗೆ ಹೋಗುವ ಲೈನಿನ ಸ್ವಿಚ್ ಆಫ್ ಮಾಡಿದೆ. ಗುಂಯ್ ಸದ್ದು ತಟ್ಟನೆ ನಿಂತಿತು. ಆಹಾ, ಇಷ್ಟು ಸುಲಭವಾ ಅಂದುಕೊಂಡೆ. ಮೂರ್ನಾಲ್ಕು ರಾತ್ರಿ ಹಾಗೇ ಮಾಡಿ ಸುಖವಾಗಿ ಮಲಗಿದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮನೆಯೊಳಗಿನ ಫ್ಯಾನಿನ ಸ್ವಿಚ್ ಆರಿಸಿದರೆ ಅದು ನಿಲ್ಲುತ್ತದೆ. ತಾರಸಿಯ ಫ್ಯಾನಿನದು ಉಲ್ಟಾ. ಆರಿಸಿದರೆ ಓಡುತ್ತದೆ. ಹಳೇ ಸೈಕಲ್ ಡೈನಮೋ ನೆನಪಿದೆಯಾ? ಲೈಟ್ ಉರಿಯುವಾಗ ಪೆಡಲ್ ಭಾರ. ತಂತಿ ಕಿತ್ತರೆ ಹಗುರ. ಯಾಕೆಂದರೆ ಕರೆಂಟ್ ಎಳೆಯುವುದೇ ಬ್ರೇಕ್. ನನ್ನ ಬ್ಯಾಟರಿಗಳು ಚಾರ್ಜ್ ಆಗುತ್ತಾ ಆ ರೆಕ್ಕೆಗಳನ್ನು ಹಿಡಿದಿಟ್ಟಿದ್ದವು. ನಾನು ಕೇಳುತ್ತಿದ್ದ ಗುಂಯ್‌ನಲ್ಲಿ ಜನರೇಟರ್ ಭಾರ ಹೊರುವ ಸದ್ದೂ ಇತ್ತು. ಅದನ್ನೇ ರೋಗ ಅಂದುಕೊಂಡು ಹಿಡಿದ ಕೈ ಬಿಡಿಸಿದೆ. ಸಣ್ಣ ಗಾಳಿಯಲ್ಲಿ ಗೊತ್ತಾಗಲಿಲ್ಲ. ಕಂಟ್ರೋಲರ್ ಇರುವುದು ಯಾತಕ್ಕೆ ಅಂದರೆ, ಬ್ಯಾಟರಿ ತುಂಬಿದಾಗಲೂ ಕರೆಂಟನ್ನು ಹೀಟರ್ ಕಾಯಿಲ್‌ಗೆ ಹರಿಸಿ ಆ ಭಾರ ಉಳಿಸಲಿಕ್ಕೆ. ಡಂಪ್ ಲೋಡ್ ಅಂತಾರೆ. ನಾನು ಆರಿಸಿದ ಸ್ವಿಚ್ ಅದಕ್ಕೂ ಮುಂಚೆ ಇತ್ತು. ಅಂದರೆ ಎರಡೂ ಕಟ್.

ಐದನೇ ರಾತ್ರಿ ಎರಡು ಗಂಟೆಗೆ ಗಾಳಿ ಎದ್ದಿತು. ಹೆಲಿಕಾಪ್ಟರ್ ಇಳಿಯುತ್ತಿದೆಯೇನೋ ಅನ್ನುವ ಸದ್ದು. ಮೆಟ್ಟಿಲು ಹತ್ತುವಷ್ಟರಲ್ಲಿ ಒಂದು ರೆಕ್ಕೆ ಬುಡದಲ್ಲೇ ಮುರಿದು ಹಾರಿತು. ಉಳಿದ ಎರಡು ಒಂದೇ ಕಡೆ ಎಳೆದಾಡಿ, ಸ್ಟೇ ತಂತಿಯ ಕೊಂಡಿ ಪ್ಯಾರಾಪೆಟ್ ಇಟ್ಟಿಗೆ ಸಮೇತ ಕಿತ್ತು ಬಂತು. ಬೆಳಗ್ಗೆ ನೋಡಿದರೆ ರೆಕ್ಕೆ ಪಕ್ಕದವರ ಬಣವೆಗೆ ಚುಚ್ಚಿಕೊಂಡಿತ್ತು. ಅದರಿಂದ ಹತ್ತು ಹೆಜ್ಜೆಯಲ್ಲಿ ಅವರ ಎಮ್ಮೆ ಕಟ್ಟಿತ್ತು.

ಹಾಗಾಗಿ ನಿಲ್ಲಿಸಬೇಕಾದರೆ ಗಾಳಿ ಸಣ್ಣಗಿರುವಾಗಲೇ, ರೆಕ್ಟಿಫೈಯರ್‌ಗೆ (ಫ್ಯಾನಿನ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಭಾಗ) ಮುಂಚಿನ, ಫ್ಯಾನಿನಿಂದ ಬರುವ ಮೂರು ತಂತಿಗಳನ್ನು ಬ್ರೇಕ್ ಸ್ವಿಚ್‌ನಿಂದ ಒಂದಕ್ಕೊಂದು ಕೂಡಿಸಿ. ಬ್ಯಾಟರಿ ಕಡೆಯ ತಂತಿಗಳನ್ನಲ್ಲ! ನಿಂತ ಮೇಲೆ ಬ್ಯಾಟರಿ ಬಿಡಿಸಿ. ಜೋರು ಗಾಳಿಯಲ್ಲಿ ಹೀಗೆ ಮಾಡಲು ಹೋದರೆ ನಿಲ್ಲದೆಯೂ ಇರಬಹುದು, ಜನರೇಟರಿನ ಸುರುಳಿ ಸುಡಲೂಬಹುದು. ಸಂಜೆಯೇ ನಿರ್ಧಾರ ಮಾಡಿ.

ಆಮೇಲೆ ಒಂದೇ ಒಂದು ಹೊಸ ರೆಕ್ಕೆ ಹಾಕಿಸಿದೆ. ಅದೂ ದಡ್ಡತನ. ತರಕಾರಿ ತಕ್ಕಡಿಯಲ್ಲಿ ತೂಗಿದರೆ ಹಳೆಯದಕ್ಕಿಂತ 90 ಗ್ರಾಂ ಜಾಸ್ತಿ. ಮತ್ತೆ ನಡುಕ. ಕೊನೆಗೆ ಮೂರನ್ನೂ ಒಂದೇ ಸೆಟ್ಟಿನಲ್ಲಿ ತರಿಸಿದೆ.

ನಿಮ್ಮದರಲ್ಲಿ ಗಾಳಿ ಹೆಚ್ಚಿದಂತೆ ನಡುಕವೂ ಹೆಚ್ಚುತ್ತಾ ಹೋದರೆ ಮೊದಲು ರೆಕ್ಕೆಗಳ ತೂಕ ನೋಡಿ. ಮೂರು ತುದಿಗಳ ನಡುವಿನ ಅಂತರ ಸಮ ಇದೆಯಾ ಅಳೆಯಿರಿ. ಕೈಯಲ್ಲಿ ತಿರುಗಿಸಿದಾಗ ಮೂರೂ ತುದಿ ಕಂಬದಿಂದ ಒಂದೇ ದೂರದಲ್ಲಿ ಹಾಯಬೇಕು. ಗರಗರ ಅಂದರೆ ಬೇರಿಂಗ್. ಒಂದು ಹದದ ಗಾಳಿಗೆ ಮಾತ್ರ ಬಂದು, ಅದು ದಾಟಿದರೆ ಹೋಗುತ್ತದೆ ಅಂದರೆ ಅದು ಕಂಬದ ಲಯ. ಅದಕ್ಕೆ ಪ್ಯಾಡ್ ಮದ್ದಲ್ಲ. ಮನೆಯಿಂದ ಇಳಿಸುವುದೇ ಮದ್ದು.

ನಾನು ಹಿತ್ತಲಲ್ಲಿ 50 ಅಡಿ ಕಂಬ ನೆಡಿಸಿ ಅದರ ಮೇಲೆ ಕೂರಿಸಿದೆ. ಸುತ್ತ 500 ಅಡಿಯೊಳಗೆ ಇರುವ ಯಾವುದಕ್ಕಿಂತಲೂ 30 ಅಡಿ ಮೇಲಿರಬೇಕು ಅನ್ನೋದು ಹಳೇ ಲೆಕ್ಕ. ತಾರಸಿ ಮೇಲಿನ ಗಾಳಿ ಗೋಡೆಗೆ ಬಡಿದು ಸುರುಳಿ ಸುತ್ತಿದ ಗಾಳಿ. ಸದ್ದು ಜಾಸ್ತಿ, ಕರೆಂಟ್ ಕಮ್ಮಿ. ಗಾಳಿಯ ವೇಗ ಅರ್ಧ ಆದರೆ ಅದರ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಜೋಗಿಮಟ್ಟಿಯವು ಗುಡ್ಡದ ನೆತ್ತಿ ಮೇಲೆ ನಿಂತಿರುವುದು ಸುಮ್ನೆ ಅಲ್ಲ. ಕಂಬಕ್ಕೆ ಜಾಗ ಇಲ್ಲ ಅಂದರೆ ಮಾರಿಬಿಡಿ, ಅದೇ ತಾರಸಿಗೆ ಸೋಲಾರ್ ಹಾಕಿ. ಅದು ಅಲ್ಲಾಡುವುದಿಲ್ಲ.

ನಿಮ್ಮ ಸ್ಟೇ ತಂತಿ ಎಲ್ಲಿಗೆ ಕಟ್ಟಿದೆ? ಪ್ಯಾರಾಪೆಟ್‌ಗೇ ಆಗಿದ್ದರೆ ಉಳಿದದ್ದೆಲ್ಲ ಆಮೇಲೆ. ಇವತ್ತು ಸಂಜೆ ಬ್ರೇಕ್ ಹಾಕಿ ಮಲಗಿ.