ಎರಡೂ ಅಕ್ರಿಲಿಕ್ಕೇ, ಮತ್ತೆ ದುಡ್ಡು ಯಾಕೆ ಜಾಸ್ತಿ?

ಪ್ರಶ್ನೆ: ಅಮ್ಮನಿಗೆ 71 ವರ್ಷ. ಮೇಲಿನ ಹಲ್ಲಿನ ಸೆಟ್ಟು ಮಾತಾಡುವಾಗ ಜಾರುತ್ತದೆ. ಹೊಸದು ಮಾಡಿಸೋಣ ಅಂದರೆ, ಮಾಮೂಲಿ ಅಕ್ರಿಲಿಕ್ ಸೆಟ್ಟಿಗಿಂತ ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿ ಮಿಷಿನ್‌ನಲ್ಲಿ ಕೊರೆದದ್ದಕ್ಕೆ ರೇಟು ಜಾಸ್ತಿ ಎನ್ನುತ್ತಾರೆ ಡಾಕ್ಟರು. ಅದೂ ಅಕ್ರಿಲಿಕ್ಕೇ ಅಂತೆ! ಏನು ಲೆಕ್ಕ ಇದು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಡಾಕ್ಟರು ಸುಳ್ಳು ಹೇಳಿಲ್ಲ. ಎರಡೂ ಪಿಎಂಎಂಎ ಅನ್ನುವ ಒಂದೇ ಪ್ಲಾಸ್ಟಿಕ್. ಅದು ಎಲ್ಲಿ ಗಟ್ಟಿಯಾಯಿತು ಅನ್ನುವುದರಲ್ಲಿದೆ ವ್ಯತ್ಯಾಸ.

ಇಪ್ಪತ್ತು ವರ್ಷದಿಂದ ಲ್ಯಾಬಿನಲ್ಲಿ ಸೆಟ್ ಮಾಡುವವನು ನಾನು. ಮಾಮೂಲಿ ಸೆಟ್ಟಿಗೆ ಗುಲಾಬಿ ಬಣ್ಣದ ಅಕ್ರಿಲಿಕ್ ಪುಡಿಗೆ, ಅದನ್ನು ಬೆಸೆದು ಗಟ್ಟಿ ಮಾಡುವ ಮಾನೊಮರ್ ಅನ್ನುವ ದ್ರವ ಹಾಕಿ ಕಲಸುತ್ತೇವೆ. ಕಣಕದ ಹದಕ್ಕೆ ಬಂದಮೇಲೆ ಪ್ಲಾಸ್ಟರ್ ಅಚ್ಚಿಗೆ ಒತ್ತಿ, 74 ಡಿಗ್ರಿ ನೀರಿನಲ್ಲಿ ರಾತ್ರಿಯಿಡೀ ಇಡುತ್ತೇವೆ. (ಆ ಮಾನೊಮರ್ ವಾಸನೆ ಮನೆಗೆ ಹೋದರೂ ಅಂಗಿ ಬಿಡುವುದಿಲ್ಲ.) ಗಟ್ಟಿಯಾಗುವಾಗ ಅದು ಕುಗ್ಗುತ್ತದೆ. ಸೆಟ್ಟನ್ನು ಮತ್ತೆ ಅಚ್ಚಿನ ಮೇಲೆ ಕೂರಿಸಿ ನೋಡಿದರೆ, ಅಂಗುಳಿನ ಹಿಂದುಗಡೆ ನಟ್ಟನಡುವೆ ಕಾಗದ ತೂರುವಷ್ಟು ಸಂದಿ. ಬಾಯಲ್ಲಿ ಗಾಳಿ ನುಗ್ಗಿ ಹಿಡಿತ ತಪ್ಪುವುದು ಅಲ್ಲಿಂದಲೇ.

ಕೊರೆಯುವ ಸೆಟ್ಟಿಗೆ ಬರುವುದು ದುಂಡನೆಯ ಡಿಸ್ಕ್. ಅಗಲ ಸುಮಾರು 98 ಮಿ.ಮೀ. ಕಂಪನಿಯವರೇ ಶಾಖ, ಒತ್ತಡ ಕೊಟ್ಟು ಗಟ್ಟಿ ಮಾಡಿ ಕಳಿಸುತ್ತಾರೆ. ಕುಗ್ಗುವುದೆಲ್ಲ ಅಲ್ಲೇ ಮುಗಿದಿರುತ್ತದೆ, ನಮ್ಮದು ಕೊರೆಯುವ ಕೆಲಸ ಮಾತ್ರ. ಬಾಯಿಗೆ ಉರಿ ತರಬಲ್ಲ ಮಾನೊಮರ್ ಕೂಡ ಅದರಲ್ಲಿ ಉಳಿದಿರುವುದು ಕಡಿಮೆ. ಡಿಸ್ಕಿನ ಬಹುಪಾಲು ಗುಲಾಬಿ ಹೊಟ್ಟಾಗಿ ಕಸಕ್ಕೆ ಹೋಗುತ್ತದೆ. ಆ ಹೊಟ್ಟಿಗೂ ನೀವೇ ದುಡ್ಡು ಕೊಡಬೇಕು, ಅಲ್ವಾ?

ಹಾಗಂತ ಸುಮ್ನೆ ಒಪ್ಪಿಕೊಳ್ಳಬೇಡಿ. ಅಮ್ಮನ ಒಸಡಿನ ದಿಬ್ಬ ಎಷ್ಟು ಉಳಿದಿದೆ ಅಂತ ಮೊದಲು ಕೇಳಿ. ಅದು ಸವೆದು ಚಪ್ಪಟೆಯಾಗಿದ್ದರೆ ಯಾವ ಸೆಟ್ಟಿಗೂ ಹಿಡಿತ ಕಷ್ಟ. ಬಾಯಿಯ ಅಳತೆ ತಪ್ಪಿದರೆ ಮಿಷಿನ್ ಆ ತಪ್ಪನ್ನೇ ಚೊಕ್ಕವಾಗಿ ಕೊರೆದು ಕೊಡುತ್ತದೆ. ಹಲ್ಲುಗಳನ್ನು ಬೇರೆ ಮಾಡಿ ಅಂಟಿಸುತ್ತಾರಾ, ಅದನ್ನೂ ವಿಚಾರಿಸಿ. ಅಂಟಿಸಿದ್ದಾದರೆ ಹಲ್ಲು ಕಳಚಿ ಬರುವುದುಂಟು. ದಿಬ್ಬ ಚೆನ್ನಾಗಿದ್ದು, ಕೈಯಲ್ಲಿ ದುಡ್ಡೂ ಇದ್ದರೆ, ನಾನಾದರೆ ಕೊರೆದದ್ದನ್ನೇ ಮಾಡಿಸುತ್ತೇನೆ. ಫೈಲು ಲ್ಯಾಬಿನಲ್ಲಿ ಉಳಿಯುತ್ತದೆ. ಸೆಟ್ಟು ಕಳೆದುಹೋದರೆ ಮತ್ತೆ ಅಳತೆ ಕೊಡದೆ ಅಂಥದ್ದೇ ಇನ್ನೊಂದು ಕೊರೆಯಬಹುದು.

ಯಾವುದನ್ನೇ ಮಾಡಿಸಿ, ಕುದಿಯುವ ನೀರಿಗೆ ಮಾತ್ರ ಹಾಕಬೇಡಿ. ನಮ್ಮ ಅತ್ತೆಯವರು ಮಡಿ ಅಂತ ಕುದಿನೀರಿಗೆ ಹಾಕಿದರು. ಸೆಟ್ಟು ಹಪ್ಪಳದ ಹಾಗೆ ಸೊಟ್ಟಗಾಯಿತು. ಅಳಿಯ ಅದೇ ಕೆಲಸದವನಾದ್ದರಿಂದ ಹೊಸದಕ್ಕೆ ದುಡ್ಡು ಕೇಳುವಂತೆಯೂ ಇರಲಿಲ್ಲ.