ಹಳೇ ಡರ್ಟ್ ಬೈಕ್ ಕೊಳ್ಳುವಾಗ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನನ್ನ ಊರು ಸಕಲೇಶಪುರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ವಯಸ್ಸು 27, ಎತ್ತರ 5 ಅಡಿ 7 ಅಂಗುಲ. ತಿಂಗಳಿಗೆ ಎರಡು ಸಲ ಊರಿಗೆ ಹೋಗುತ್ತೇನೆ. ಅಲ್ಲಿ ತೋಟದ ದಾರಿಗಳಲ್ಲಿ ಟ್ರೇಲ್ ಓಡಿಸಬೇಕು, ಮಿಕ್ಕ ಭಾನುವಾರ ಕೋಲಾರದ ಕಡೆ ಡರ್ಟ್ ಟ್ರ್ಯಾಕಿನಲ್ಲಿ ಕಲಿಯಬೇಕು ಅಂತ ಆಸೆ. ಎರಡು ಹಳೇ ಗಾಡಿ ನೋಡಿದ್ದೇನೆ. ಒಂದು 2021ರ ಹೀರೋ ಎಕ್ಸ್‌ಪಲ್ಸ್ 200, 24,000 ಕಿ.ಮೀ. ಓಡಿದೆ, ರ‍್ಯಾಲಿ ಕಿಟ್ ಹಾಕಿಸಿದ್ದಾರೆ, 1.10 ಲಕ್ಷ ಹೇಳುತ್ತಿದ್ದಾರೆ. ಇನ್ನೊಂದು ಸುಮಾರು ಹತ್ತು ವರ್ಷದ ಕವಾಸಾಕಿ ಕೆಎಕ್ಸ್ 250ಎಫ್, 2.80 ಲಕ್ಷ. ಅದಕ್ಕೆ ಆರ್‌ಸಿ ಇಲ್ಲ. ‘ಡರ್ಟ್ ಬೈಕಿಗೆ ಆರ್‌ಸಿ ಬೇಕಾಗಿಲ್ಲ’ ಅಂತಾರೆ. ಮನಸ್ಸು ಕೆಎಕ್ಸ್ ಕಡೆಗೇ ಎಳೆಯುತ್ತಿದೆ. ಯಾವುದು ತಗೊಳ್ಳಲಿ?

ಉತ್ತರ: ಎಕ್ಸ್‌ಪಲ್ಸ್ ತಗೊಳ್ಳಿ. ನೀವು ನೋಡಿರುವ ಅದೇ ಗಾಡಿ ಆಗಬೇಕೋ ಬೇಡವೋ ಅನ್ನುವುದು ಅದನ್ನು ಬಿಚ್ಚಿ ನೋಡಿದ ಮೇಲೆ ತೀರ್ಮಾನ ಆಗಲಿ.

ನಿಮ್ಮ ಮನಸ್ಸು ಕೆಎಕ್ಸ್ ಕಡೆ ಯಾಕೆ ಎಳೆಯುತ್ತಿದೆ ಅನ್ನುವುದು ನನಗೆ ಅರ್ಥ ಆಗುತ್ತದೆ. ಹೆಚ್ಚುಕಡಿಮೆ 106 ಕೆ.ಜಿ. ತೂಕದ ಗಾಡಿ, ಎಕ್ಸ್‌ಪಲ್ಸ್‌ನ ಎರಡರಷ್ಟು ಶಕ್ತಿ. ಒಮ್ಮೆ ಥ್ರಾಟಲ್ ತಿರುಗಿಸಿದರೆ ಮರೆಯುವುದು ಕಷ್ಟ. ಆದರೆ ಅದು ಮೋಟೋಕ್ರಾಸ್ ರೇಸಿಗೆ ಹುಟ್ಟಿದ ಗಾಡಿ. ಹೆಡ್‌ಲೈಟ್ ಇಲ್ಲ, ಇಂಡಿಕೇಟರ್ ಇಲ್ಲ. ನಮ್ಮಲ್ಲಿ ಅದನ್ನು ರಿಜಿಸ್ಟರ್ ಮಾಡಿಸಲು ಆಗುವುದಿಲ್ಲ. ಮಾರುವವರು ಹೇಳಿದ್ದು ಅರ್ಧ ನಿಜ. ಸ್ವಂತ ಜಮೀನಿನಲ್ಲೋ ಮುಚ್ಚಿದ ಟ್ರ್ಯಾಕಿನಲ್ಲೋ ಓಡಿಸುವುದಕ್ಕೆ ಆರ್‌ಸಿ ಬೇಡ. ಆದರೆ ನಿಮ್ಮ ತೋಟದಿಂದ ಪಕ್ಕದ ತೋಟಕ್ಕೆ ಹೋಗಲು ನೂರು ಅಡಿ ಪಂಚಾಯಿತಿ ರಸ್ತೆ ದಾಟಬೇಕಾದರೂ ಅದು ಸಾರ್ವಜನಿಕ ರಸ್ತೆಯೇ. ಅಲ್ಲಿ ಒಂದು ಮಗು ಅಡ್ಡ ಬಂದು ಏನಾದರೂ ಆದರೆ ವಿಮೆ ಇಲ್ಲ, ಕಾಗದ ಇಲ್ಲ. ಜೊತೆಗೆ ಬೆಂಗಳೂರಿನಿಂದ ಊರಿಗೆ ಸುಮಾರು 220 ಕಿ.ಮೀ. ಪ್ರತಿ ಸಲ ಪಿಕಪ್‌ನಲ್ಲಿ ಕಟ್ಟಿಕೊಂಡು ಹೋಗುತ್ತೀರಾ?

ಆರ್‌ಸಿ ಇಲ್ಲದ ಗಾಡಿಗೂ ಖರೀದಿ ಬಿಲ್ ಅಂತ ಒಂದು ಇರಲೇಬೇಕು. ಬಿಲ್‌ನಲ್ಲಿರುವ ಚಾಸಿಸ್ ನಂಬರ್ ಗಾಡಿಯ ಮೇಲಿರುವುದಕ್ಕೆ ಹೊಂದಬೇಕು. ಅದೂ ಇಲ್ಲ ಅಂದರೆ ಯಾರೇ ಕೊಳ್ಳುವುದಾಗಲಿ, ಮುಟ್ಟಬೇಡಿ ಅನ್ನುತ್ತೇನೆ.

ಇನ್ನು ಖರ್ಚು. ಮೋಟೋಕ್ರಾಸ್ ಗಾಡಿಯ ಆಯಸ್ಸನ್ನು ಕಿಲೋಮೀಟರ್‌ನಲ್ಲಿ ಅಳೆಯುವುದಿಲ್ಲ, ಗಂಟೆಯಲ್ಲಿ ಅಳೆಯುತ್ತಾರೆ. ಎಂಜಿನ್‌ನಲ್ಲಿ ಇರುವುದು ಒಂದು ಲೀಟರ್ ಆಸುಪಾಸು ಆಯಿಲ್. ಕೆಲವೇ ಗಂಟೆ ಓಡಿದರೆ ಬದಲಿಸಬೇಕು. ಪಿಸ್ಟನ್ ಕೂಡ ಇಂತಿಷ್ಟು ಗಂಟೆ ಅಂತ ಬದಲಿಸುವ ಸಾಮಾನು, ಹಾಳಾಗುವ ತನಕ ಕಾಯುವಂಥದ್ದಲ್ಲ. ವಾಲ್ವ್ ಗ್ಯಾಪ್ ಆಗಾಗ ನೋಡಬೇಕು. ಹತ್ತು ವರ್ಷದ ಗಾಡಿ ಎಷ್ಟು ಗಂಟೆ ಓಡಿದೆ ಅಂತ ಅವರ್ ಮೀಟರ್ ಇಲ್ಲದೆ ಯಾರೂ ಹೇಳಲಾರರು. ಒಂದು ಪರೀಕ್ಷೆ ಮಾತ್ರ ಇದೆ. ಚೆನ್ನಾಗಿ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಕಿಕ್ ಹೊಡೆಯಿರಿ. ತಣ್ಣಗಿದ್ದಾಗ ಸುಲಭವಾಗಿ ಸ್ಟಾರ್ಟ್ ಆಗಿ ಬಿಸಿಯಲ್ಲಿ ಸತಾಯಿಸಿದರೆ ವಾಲ್ವ್‌ಗಳು ಸವೆದು ಟೈಟ್ ಆಗಿರುವ ಸಾಧ್ಯತೆ ಜಾಸ್ತಿ. ಆಮೇಲೆ ಹೆಡ್ ಬಿಚ್ಚಬೇಕು, ಪಾರ್ಟ್ಸ್ ಹೊರಗಿನಿಂದ ತರಿಸಬೇಕು. ತಿಂಗಳುಗಟ್ಟಲೆ ಗಾಡಿ ಟಾರ್ಪಾಲಿನ ಕೆಳಗೆ ನಿಂತಿರುತ್ತದೆ.

ಎಕ್ಸ್‌ಪಲ್ಸ್ ವಿಷಯ ಬೇರೆ. 199.6 ಸಿಸಿ, 18 ಪಿಎಸ್ ಶಕ್ತಿ, ಮುಂದೆ 21 ಇಂಚಿನ ಚಕ್ರ, ಹಿಂದೆ 18. ತೂಕ 157 ಕೆ.ಜಿ., ಅದೊಂದೇ ಅದರ ಕಷ್ಟ. ಪಾರ್ಟ್ಸ್ ಹಾಸನದಲ್ಲೂ ಸಿಗುತ್ತದೆ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ ಇರುವುದರಿಂದ ಮಣ್ಣಿನಲ್ಲಿ ಹಿಂದಿನ ಚಕ್ರ ಲಾಕ್ ಮಾಡಿ ಗಾಡಿ ತಿರುಗಿಸುವುದನ್ನು ಕಲಿಯಬಹುದು. ಕಲಿಯುವವರಿಗೆ 18 ಪಿಎಸ್ ಕಮ್ಮಿ ಅಂತ ಅನ್ನಿಸುವುದಕ್ಕೆ ಕನಿಷ್ಠ ಎರಡು ವರ್ಷ ಬೇಕು. ಕಾಲಿನ ಮೇಲೆ ನಿಂತು ಓಡಿಸುವುದು, ತಿರುವಿನಲ್ಲಿ ಮುಂದೆ ಜಾರಿ ಕೂರುವುದು, ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವ ಹದ, ಇವೆಲ್ಲ ಕಮ್ಮಿ ಶಕ್ತಿಯ ಗಾಡಿಯಲ್ಲೇ ಮೈಗೆ ಬರುವುದು. ಶಕ್ತಿ ಜಾಸ್ತಿ ಇದ್ದರೆ ತಪ್ಪು ಮಾಡಿದ ಕೂಡಲೇ ಗಾಡಿ ನಿಮ್ಮನ್ನು ಎಸೆಯುತ್ತದೆ, ಎಲ್ಲಿ ತಪ್ಪಾಯಿತು ಅಂತ ಯೋಚಿಸುವಷ್ಟು ಹೊತ್ತು ಕೊಡುವುದಿಲ್ಲ.

ಈಗ ರ‍್ಯಾಲಿ ಕಿಟ್. ಕಂಪನಿಯಿಂದ ಬಂದ ಎಕ್ಸ್‌ಪಲ್ಸ್‌ಗೆ ಮುಂದೆ 190, ಹಿಂದೆ 170 ಮಿ.ಮೀ. ಸಸ್ಪೆನ್ಷನ್ ಟ್ರಾವೆಲ್, ಅಂದರೆ ಚಕ್ರ ಮೇಲೆ ಕೆಳಗೆ ಆಡುವ ದೂರ. ಉದ್ದದ ಫೋರ್ಕ್ (ಮುಂದಿನ ಸಸ್ಪೆನ್ಷನ್), ಶಾಕ್ (ಹಿಂದಿನದು), ಎತ್ತರದ ಸೀಟು ಇರುವ ಈ ಕಿಟ್ ಹಾಕಿದರೆ 250 ಮತ್ತು 220. ನೆಲದಿಂದ ಅಂತರ 220ರಿಂದ 275ಕ್ಕೆ ಏರುತ್ತದೆ. ಟ್ರ್ಯಾಕಿನಲ್ಲಿ ಹಾರಿ ಬಿದ್ದಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಸೀಟಿನ ಎತ್ತರವೂ 823 ಮಿ.ಮೀ.ಗಿಂತ ಸಾಕಷ್ಟು ಮೇಲೆ ಹೋಗುತ್ತದೆ. ನಿಮ್ಮ ಎತ್ತರಕ್ಕೆ ಕಾಲ ತುದಿ ಮಾತ್ರ ತಾಕುತ್ತದೆ. ಸಮತಟ್ಟು ನೆಲದಲ್ಲಿ ಅಡ್ಡಿ ಇಲ್ಲ. ಸಕಲೇಶಪುರದ ಕಾಫಿ ತೋಟದ ಇಳಿಜಾರಿನಲ್ಲಿ, ಮಳೆಯಲ್ಲಿ ನೆನೆದ ಎಲೆಗಳ ಮೇಲೆ, ಗಾಡಿ ಒಂದು ಕಡೆ ವಾಲಿದಾಗ ಕೆಳಗಿನ ಕಾಲಿಗೆ ನೆಲವೇ ಸಿಗುವುದಿಲ್ಲ. 157 ಕೆ.ಜಿ. ಎತ್ತಿ ನಿಲ್ಲಿಸಿ ನಿಲ್ಲಿಸಿ ಅರ್ಧ ದಿನದಲ್ಲೇ ಸುಸ್ತಾಗುತ್ತೀರಿ. ಅದಕ್ಕೆ ಮಾರುವವರನ್ನು ಮೊದಲು ಕೇಳಬೇಕಾದ್ದು: ಹಳೇ ಫೋರ್ಕ್, ಹಳೇ ಶಾಕ್, ಹಳೇ ಸೀಟು ಇಟ್ಟುಕೊಂಡಿದ್ದೀರಾ? ಇಟ್ಟಿದ್ದರೆ ಅವೂ ಸೇರಿ ಬರಲಿ. ಮೊದಲ ಆರು ತಿಂಗಳು ಅದರಲ್ಲೇ ಓಡಿಸಿ, ಟ್ರ್ಯಾಕಿನಲ್ಲಿ ಕೈ ಕುದುರಿದ ಮೇಲೆ ಕಿಟ್ ಹಾಕಿ.

ಗಾಡಿ ನೋಡಲು ಹೋಗುವಾಗ ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಅಂತ ಹೇಳಿ ಹೋಗಿ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅನುಮಾನ ಇಟ್ಟುಕೊಳ್ಳಿ.

ಆಮೇಲೆ ಏರ್ ಫಿಲ್ಟರ್ ಬಿಚ್ಚಿಸಿ. ನಾನು ಹಳೇ ಗಾಡಿ ನೋಡಲು ಹೋದಾಗ ಎಲ್ಲಕ್ಕಿಂತ ಮೊದಲು ಮಾಡುವುದು ಇದೇ. ಮಣ್ಣಿನಲ್ಲಿ ಓಡುವ ಎಂಜಿನ್ ಸಾಯುವುದು ಧೂಳಿನಿಂದ. ಫಿಲ್ಟರ್ ಕೊಳೆಯಾಗಿದ್ದರೆ ಅಷ್ಟು ಚಿಂತೆ ಇಲ್ಲ, ಧೂಳು ಹಿಡಿಯುವುದೇ ಅದರ ಕೆಲಸ. ಫಿಲ್ಟರ್ ದಾಟಿ ಎಂಜಿನ್ ಕಡೆ ಹೋಗುವ ರಬ್ಬರ್ ಕೊಳವೆ ಇದೆಯಲ್ಲ, ಅದರ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿ. ಬಟ್ಟೆಗೆ ಕೆಂಪು ಮಣ್ಣು ಹತ್ತಿದರೆ ಆ ಧೂಳು ಪಿಸ್ಟನ್ ರಿಂಗನ್ನೂ ಬೋರನ್ನೂ ಸಾಣೆ ಹಿಡಿದಂತೆ ತಿಂದಿದೆ ಅಂತ ಅರ್ಥ. ಅಲ್ಲಿಂದಲೇ ವಾಪಸ್ ಬನ್ನಿ. ಕೊಳವೆ ಶುದ್ಧವಾಗಿದ್ದರೆ ಈ ಮಾಲೀಕರು ಬೇರೆ ಕೆಲಸಗಳನ್ನೂ ಶ್ರದ್ಧೆಯಿಂದ ಮಾಡಿಸಿದ್ದಾರೆ ಅಂತ ನಂಬಲು ಒಂದು ಕಾರಣ ಸಿಕ್ಕಿತು. ಬಾಯಲ್ಲಿ ಹೇಳುವುದನ್ನು ಯಾರು ಬೇಕಾದರೂ ಹೇಳಬಹುದು, ಆ ಕೊಳವೆಯನ್ನು ಒರೆಸಿಟ್ಟು ಮಾರುವವರನ್ನು ನಾನು ಇನ್ನೂ ನೋಡಿಲ್ಲ.

ಎಂಜಿನ್ ಆಯಿಲ್ ಮುಚ್ಚಳ ತೆಗೆದು ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ. ಎಕ್ಸ್‌ಪಲ್ಸ್‌ನಲ್ಲಿ ಎಂಜಿನ್ ತಣಿಸಲು ನೀರು ಬಳಸುವ ರೇಡಿಯೇಟರ್ ಇಲ್ಲ, ಆದ್ದರಿಂದ ಹೊಳೆ ದಾಟುವಾಗ ಮುಳುಗಿಸಿದ ಗಾಡಿ ಇರಬಹುದು. ಸ್ಟಾರ್ಟ್ ಮಾಡಿದ ಮೇಲೆ ಥ್ರಾಟಲ್ ಕೊಟ್ಟಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ.

ಎಂಜಿನ್ ಕೆಳಗೆ ಕಲ್ಲಿನ ಪೆಟ್ಟು ತಡೆಯಲು ಇರುವ ಬ್ಯಾಷ್ ಪ್ಲೇಟ್ ಬಿಚ್ಚಿಸದೆ ದುಡ್ಡು ಕೊಡಬೇಡಿ. ಇದು ನಾನು ನೋವು ತಿಂದು ಕಲಿತ ಪಾಠ. ವರ್ಷಗಳ ಹಿಂದೆ ಒಂದು ಹಳೇ ಗಾಡಿ ತಂದಿದ್ದೆ. ಹೊರಗಿನಿಂದ ಹೊಳೆಯುತ್ತಿತ್ತು. ಎರಡನೇ ತಿಂಗಳು ಪ್ಲೇಟ್ ಬಿಚ್ಚಿದಾಗ ಕೆಳಗಿನ ಫ್ರೇಮ್ ಕೊಳವೆ ಬಿರುಕು ಬಿಟ್ಟು, ಅದಕ್ಕೆ ಒರಟಾಗಿ ವೆಲ್ಡ್ ಮಾಡಿ, ಮೇಲೆ ಕಪ್ಪು ಪೇಂಟ್ ಹೊಡೆದಿದ್ದರು. ಒಂದೇ ಜಾಗದಲ್ಲಿ ಹೊಸ ಪೇಂಟ್ ಕಂಡರೆ ಅಲ್ಲಿ ಉಗುರು ಹಾಕಿ ಕೆರೆಯಿರಿ. ಹ್ಯಾಂಡಲ್ ಕೂರುವ ಹೆಡ್‌ಸ್ಟಾಕ್ ಸುತ್ತ, ಕಾಲಿಡುವ ಫುಟ್‌ಪೆಗ್ ಬ್ರಾಕೆಟ್ ಸುತ್ತ ವಿಶೇಷವಾಗಿ ನೋಡಿ. ರ‍್ಯಾಲಿ ಕಿಟ್ ಹಾಕಿ ಹಾರಿಸಿದ ಗಾಡಿಯ ಪೆಟ್ಟೆಲ್ಲ ಬಂದು ನಿಲ್ಲುವುದು ಅಲ್ಲೇ.

ಫೋರ್ಕ್ ಕೊಳವೆಗಳ ಮೇಲೆ ಉಗುರು ಎಳೆಯಿರಿ. ಸಣ್ಣ ಗೀರು ಉಗುರಿಗೆ ಸಿಕ್ಕರೂ ಅದು ಸೀಲನ್ನು ಹರಿಯುತ್ತಲೇ ಇರುತ್ತದೆ. ಎಂಜಿನ್ ಕೆಳಗೆ ಗಟ್ಟಿಯಾದ ಪೆಟ್ಟಿಗೆ ಇಟ್ಟು ಮುಂದಿನ ಚಕ್ರ ಎತ್ತಿ, ಹ್ಯಾಂಡಲ್ ಮೆಲ್ಲಗೆ ಆಚೆ ಈಚೆ ತಿರುಗಿಸಿ. ನಡುವೆ ‘ಟಕ್’ ಅಂತ ಕೂತರೆ ಹ್ಯಾಂಡಲ್ ತಿರುಗಿಸುವ ಬೇರಿಂಗ್, ಅಂದರೆ ಕೋನ್‌ಸೆಟ್ ಹೋಗಿದೆ. ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ, ಆಮೇಲೆ ಅಡ್ಡಡ್ಡ ಅಲ್ಲಾಡಿಸಿ. ಸಡಿಲ ಅನ್ನಿಸಿದರೆ ಬೇರಿಂಗ್ ಸವೆದಿದೆ. ಮಲೆನಾಡಿನ ಕೆಸರು, ಆಮೇಲೆ ವಾಟರ್ ಸರ್ವಿಸ್‌ನ ಜೋರು ನೀರು, ಇವೆರಡೂ ಸೇರಿ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್ ಬೇರಿಂಗಿನ ಗ್ರೀಸನ್ನು ತೊಳೆದು ಬಿಡುತ್ತವೆ. ಸ್ಪೋಕ್‌ಗಳನ್ನು ಸಣ್ಣ ಸ್ಪ್ಯಾನರ್‌ನಿಂದ ಒಂದೊಂದಾಗಿ ತಟ್ಟಿ. ಎಲ್ಲವೂ ಹತ್ತಿರ ಹತ್ತಿರ ಒಂದೇ ಸ್ವರದಲ್ಲಿ ‘ಟಿಣ್’ ಅನ್ನಬೇಕು, ಮಂಕಾಗಿ ಕೇಳಿದ್ದು ಸಡಿಲ. ಚೈನ್ ಸ್ಪ್ರಾಕೆಟ್, ಟಯರ್, ಬ್ರೇಕ್ ಪ್ಯಾಡ್ ಸವೆದಿದ್ದರೆ ಬೇಸರ ಬೇಡ, ಬೆಲೆ ಇಳಿಸಿ ಕೇಳಿ ಅಷ್ಟೇ.

ಕಾಗದದಲ್ಲಿ ಆರ್‌ಸಿಯ ಚಾಸಿಸ್, ಎಂಜಿನ್ ನಂಬರ್ ತಾಳೆ ನೋಡಿ. ಸರ್ಕಾರದ ವಾಹನ ವೆಬ್‌ಸೈಟ್ ಪರಿವಾಹನ್‌ನಲ್ಲಿ ನಂಬರ್ ಹಾಕಿ ಸಾಲ ಇದೆಯಾ, ವಿಮೆ ಇದೆಯಾ, ಚಲನ್ ಬಾಕಿ ಇದೆಯಾ ನೋಡಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೇಳಿ. ಮಾಲೀಕತ್ವ ಬದಲಿಸಲು ಫಾರ್ಮ್ 29 ಮತ್ತು 30ಕ್ಕೆ ಮಾರುವವರ ಸಹಿ ನಿಮ್ಮೆದುರೇ ಆಗಲಿ. ‘ಆಮೇಲೆ ಮಾಡಿಸೋಣ’ ಅನ್ನುವ ಮಾತಿಗೆ ಒಪ್ಪಬೇಡಿ.

ಎಲ್ಲ ಸರಿ ಇದ್ದರೆ ಕೊಳ್ಳಿ. ಆದರೆ 20,000 ರೂಪಾಯಿ ಕೈಯಲ್ಲಿ ಉಳಿಸಿಕೊಂಡು ಕೊಳ್ಳಿ. ಆಯಿಲ್, ಫಿಲ್ಟರ್, ಫೋರ್ಕ್ ಆಯಿಲ್, ಬೇರಿಂಗ್ ಗ್ರೀಸ್, ಹೊಸ ಟ್ಯೂಬ್, ಇವು ಮೊದಲ ವಾರದಲ್ಲೇ ಆಗಬೇಕು. ಕೆಎಕ್ಸ್ ಬಿಟ್ಟದ್ದರಿಂದ ನಿಮ್ಮ ಹತ್ತಿರ ಇನ್ನೂ ಲಕ್ಷಕ್ಕಿಂತ ಜಾಸ್ತಿ ಉಳಿದಿರುತ್ತದೆ. ಅದರಲ್ಲಿ ಮೊದಲು ಒಳ್ಳೆಯ ಬೂಟು, ಮಂಡಿ ಗಾರ್ಡ್, ಹೆಲ್ಮೆಟ್ ತಗೊಳ್ಳಿ. ಆಮೇಲೆ ತರಬೇತಿ. ಡಾಕಾರ್ ರ‍್ಯಾಲಿಯನ್ನು ಪೂರ್ತಿ ಮಾಡಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ನಮ್ಮ ಬೆಂಗಳೂರಿನವರು. 2015ರಲ್ಲಿ ಅವರು 36ನೇ ಸ್ಥಾನದಲ್ಲಿ ಮುಗಿಸಿದರು. ಕೋಲಾರದ ಕಡೆ ಬಿಗ್ ರಾಕ್ ಡರ್ಟ್‌ಪಾರ್ಕ್ ಕಟ್ಟಿದ್ದೂ ಅವರೇ. ಅಂಥ ಜಾಗದಲ್ಲಿ ಎರಡು ದಿನ ಕಲಿತರೆ ಒಬ್ಬರೇ ಎರಡು ವರ್ಷ ಬಿದ್ದೆದ್ದು ಕಲಿಯುವುದಕ್ಕಿಂತ ಮೇಲು.

ಒಂದು ಮಾತು ಟ್ರೇಲ್ ಬಗ್ಗೆ. ತೋಟದ ದಾರಿ ಅಂದರೆ ತೋಟದ್ದೇ ಆಗಿರಲಿ, ಮಾಲೀಕರನ್ನು ಕೇಳಿಯೇ ಆಗಿರಲಿ. ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗುವುದು ಅಪರಾಧ. ಗುಡ್ಡದ ಹುಲ್ಲುಗಾವಲಿಗಂತೂ ದಯವಿಟ್ಟು ಗಾಡಿ ಹತ್ತಿಸಬೇಡಿ. ಹುಲ್ಲು ಕಿತ್ತ ಒಂದು ಟಯರ್ ಗೀರು ಒಂದೇ ಮಳೆಗಾಲದಲ್ಲಿ ಕೊರಕಲಾಗುತ್ತದೆ. ಮಣ್ಣು ಕೆಳಗಿನ ಹಳ್ಳಕ್ಕೆ ಹೋಗುತ್ತದೆ, ಆ ನೀರು ಕುಡಿಯುವವರು ನಿಮ್ಮ ಊರಿನವರೇ.

ಪ್ರಶ್ನೆ: ಅಪ್ಪನ ಕಾಲದ ಯಮಹಾ ಆರ್‌ಎಕ್ಸ್ 100 ಮನೆಯಲ್ಲಿ ಸುಮ್ನೆ ನಿಂತಿದೆ. ಹಳೇ ಡರ್ಟ್ ಬೈಕ್ ಕೊಳ್ಳುವ ಬದಲು ಇದಕ್ಕೇ ಉದ್ದ ಫೋರ್ಕ್, ಮಣ್ಣಿಗೆಂದೇ ಮಾಡಿದ ನಾಬಿ ಟಯರ್ ಹಾಕಿಸಿ ಟ್ರ್ಯಾಕಿಗೆ ಇಳಿಸಬಹುದಾ? – ದಾವಣಗೆರೆ ಓದುಗ

ಉತ್ತರ: ಬೇಡ. ಆರ್‌ಎಕ್ಸ್‌ನಲ್ಲಿ ಡರ್ಟ್ ಟ್ರ್ಯಾಕ್ ರೇಸ್ ಗೆದ್ದವರು ನಮ್ಮ ರಾಜ್ಯದಲ್ಲಿ ಬಹಳ ಮಂದಿ ಇದ್ದಾರೆ, ಆ ಎಂಜಿನ್ ಅಷ್ಟು ಚುರುಕು. ಆದರೆ ಅದರ ಫ್ರೇಮ್ ರಸ್ತೆಗೆ ಮಾಡಿದ್ದು. ಉದ್ದ ಫೋರ್ಕ್ ಹಾಕಿದರೆ ಹ್ಯಾಂಡಲ್ ಕೋನವೇ ಬದಲಾಗುತ್ತದೆ, ಹಾರಿದರೆ ಫ್ರೇಮ್ ಬಿರುಕು ಬಿಡುತ್ತದೆ. ಹಾಗೆ ಬದಲಿಸಿದ್ದನ್ನು ಆಮೇಲೆ ರಸ್ತೆಯಲ್ಲಿ ಓಡಿಸುವುದೂ ಕಾನೂನಿಗೆ ವಿರುದ್ಧ. ಆರ್‌ಎಕ್ಸ್ 100 ತಯಾರಿಕೆ ನಿಂತದ್ದು 1996ರಲ್ಲಿ. ಕತ್ತರಿಸಿದರೆ ಮತ್ತೆ ಸಿಗುವುದಿಲ್ಲ. ಅಪ್ಪನ ಗಾಡಿಯನ್ನು ಇದ್ದ ಹಾಗೇ ರಿಪೇರಿ ಮಾಡಿಸಿ, ಅವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಮಣ್ಣಿಗೆ 2011ರಲ್ಲಿ ಬಂದ ಹೀರೋ ಇಂಪಲ್ಸ್ 150 ಹುಡುಕಿ. 134 ಕೆ.ಜಿ., ಎಕ್ಸ್‌ಪಲ್ಸ್‌ಗಿಂತ ಹಗುರ, ಕಲಿಯಲು ಒಳ್ಳೆಯದು. ಕೆಲವು ಪಾರ್ಟ್ಸ್‌ಗೆ ಅಲೆಯಬೇಕಾಗುತ್ತದೆ, ಅದಕ್ಕೆ ಪ್ಲಾಸ್ಟಿಕ್, ಟ್ಯಾಂಕ್, ಮೀಟರ್ ಪೂರ್ತಿ ಇರುವ ಗಾಡಿಯನ್ನೇ ಆರಿಸಿ.

ಪ್ರಶ್ನೆ: ಮಗನಿಗೆ 12 ವರ್ಷ. ಡರ್ಟ್ ಬೈಕ್ ಬೇಕೇ ಬೇಕು ಅಂತ ಹಟ. ಹಳೇ ಕೆಎಲ್‌ಎಕ್ಸ್ 110 ಒಂದು ಮಾರಾಟಕ್ಕಿದೆ. ಕೊಡಿಸಬಹುದಾ? – ಒಬ್ಬ ತಾಯಿ, ಮೈಸೂರು

ಉತ್ತರ: ಓಡಿಸಲು ಸ್ವಂತ ಜಾಗ ಇದ್ದರೆ, ಜೊತೆಗೆ ನಿಂತು ನೋಡುವವರು ಇದ್ದರೆ ಕೊಡಿಸಿ ಅಮ್ಮಾ. ಅದಿಲ್ಲದಿದ್ದರೆ ತರಬೇತಿ ಕೊಡುವ ಕಡೆ ಸೇರಿಸಿ, ಗಾಡಿ ಆಮೇಲೆ ನೋಡೋಣ. ಬಡಾವಣೆಯ ರಸ್ತೆಯಲ್ಲಿ ಒಂದು ಸುತ್ತು ಕೂಡ ಬೇಡ. ಅಲ್ಲಿ ಸಿಕ್ಕಿಬಿದ್ದರೆ ಕೇಸು ಬೀಳುವುದು ತಂದೆ ತಾಯಿ ಮೇಲೆ.

ಕೆಎಲ್‌ಎಕ್ಸ್ 110 ಮಕ್ಕಳಿಗೆ ಒಳ್ಳೆಯ ಗಾಡಿ. ಕ್ಲಚ್ ಹಿಡಿಯುವ ಗೋಜಿಲ್ಲ, ನಾಲ್ಕು ಗೇರ್, ಚಕ್ರ ಮುಂದೆ 14, ಹಿಂದೆ 12 ಇಂಚು. ಥ್ರಾಟಲ್ ಎಷ್ಟು ತಿರುಗಬಹುದು ಅನ್ನುವುದಕ್ಕೆ ತಡೆ ಹಾಕುವ ಒಂದು ಸ್ಕ್ರೂ ಇರುತ್ತದೆ. ಮೊದಲ ತಿಂಗಳು ಅದನ್ನು ಬಿಗಿಯಾಗಿಯೇ ಇಡಿ. ಫಿಲ್ಟರ್ ಪರೀಕ್ಷೆ ಇದಕ್ಕೂ ಅನ್ವಯ. ಹಳೇ ಹೆಲ್ಮೆಟ್ ಜೊತೆಗೆ ಕೊಡುತ್ತೇವೆ ಅಂದರೆ ಬೇಡ ಅನ್ನಿ, ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಸರಿಯಾಗೇ ಕಾಣುತ್ತದೆ. ಇನ್ನು ಬೂಟು. ‘ಬೆಳೆಯುವ ಮಗು’ ಅಂತ ಎರಡು ಸೈಜ್ ದೊಡ್ಡದು ತರಬೇಡಿ. ಒಳಗೆ ಪಾದ ಅಲ್ಲಾಡಿದರೆ ಬ್ರೇಕ್ ಪೆಡಲ್ ಎಲ್ಲಿದೆ ಅಂತ ಅವನಿಗೆ ಗೊತ್ತಾಗುವುದಿಲ್ಲ.